ಶಾಂತಾಳ ಸಾಕ್ಷಿ

ಎಲ್ಲ ರಗಳೆಗೂ ಮೂಲ ಒಂದೇ. ತನಗೆ ಅರ್ಥವಾಗದ ಮಾತಿಗೆ ಮಹೇಶಕುಮಾರ "ಆಯ್ತು" ಅಂದದ್ದು.

ಅದು ಅವನ ಹಳೇ ಜಡ್ಡು. "ನನಗ ಗೊತ್ತಿಲ್ಲ" ಎಂಬ ಎರಡು ಶಬ್ದ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿದ್ದವು. ಕುರಕುಂಟಾದ ಹೈಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ಗುಮಾಸ್ತ. ಹೆಡ್‌ಮಾಸ್ತರರು ಇಂಗ್ಲಿಷಿನಲ್ಲಿ ಬೈದರೂ ತಲೆಯಾಡಿಸಿ "ಆಯ್ತ್ರಿ ಸರ್" ಅಂದು ಬರುವವ, ಆಮೇಲೆ ಬೈಗುಳದ ಅರ್ಥವನ್ನು ಮೊಬೈಲಿನಲ್ಲಿ ಹುಡುಕುವವ.

ಕಳೆದ ಭಾನುವಾರ ಸೇಡಂನ ಅವರ ಬಾಡಿಗೆ ಮನೆಯ ಅಂಗಳದಲ್ಲಿ ಮಗಳು ಭಾಗ್ಯಜ್ಯೋತಿ ಕಾಲು ಚಾಚಿ ಕುಳಿತು ರಾಗ ತೆಗೆದಿದ್ದಳು. ಮೂರನೇ ಇಯತ್ತೆ, ವಯಸ್ಸು ಎಂಟು, ಹಟ ಮಾತ್ರ ಎಂಬತ್ತರದ್ದು.

"ಪಪ್ಪಾ, ನನ್ನ ಕ್ಲಾಸಿನ್ಯಾಗ ಎಲ್ಲಾರ ಮನ್ಯಾಗೂ ಒಂದೊಂದು ಪೆಟ್ ಅದ. ನನಗೂ ಬೇಕು."

ಎದುರಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮನೆ ಮಾಲಕಿ ಲಲಿತಾಬಾಯಿ ತಲೆ ಎತ್ತದೆ ಕಾನೂನು ಓದಿದರು. "ಬೊಗಳೂದು ಬ್ಯಾಡ. ಮ್ಯಾಂವ್ ಅನ್ನೂದು ಬ್ಯಾಡ. ಪುಕ್ಕ ಉದುರ್ಸೂದು ಬ್ಯಾಡ. ಈಗೇ ಹೇಳೀನಿ."

ಮಗಳು ಯೋಚಿಸಿದಳು. "ಹಂಗಾದ್ರ ಗೆಕ್ಕೋ?"

ಅಂಗಳದಲ್ಲಿ ಲಲಿತಾಬಾಯಿ ಇದ್ದರು. ಬಾಜು ಅಂಗಡಿಯ ಟೇಲರ್ ಶೌಕತ ಅಲಿ ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದ. ಇಷ್ಟು ಜನರ ಎದುರು ಗೆಕ್ಕೋ ಅಂದರೇನು ಅಂತ ಕೇಳುವುದು ಮಹೇಶಕುಮಾರನಿಂದ ಸಾಧ್ಯವಿತ್ತೇ?

"ಗೆಕ್ಕೋ ಏನು? ಅದೇನ್ ದೊಡ್ಡ ಮಾತವ್ವಾ! ಆಯ್ತು. ಇವತ್ತೇ ತರಮ."

ಮಗಳು ಕುಣಿದು ಮೊಬೈಲು ತಂದು ತೋರಿಸಿದಳು. ಹಳದಿ ಮೈ, ಕರಿ ಚುಕ್ಕೆ, ನಗುವಂಥ ಬಾಯಿ. ಯಾವ ದೇಶದ್ದೋ ಏನೋ. ಆದರೆ ಎಷ್ಟು ದೂರ ಹಿಡಿದು ನೋಡಿದರೂ ಹಲ್ಲಿ.

ಶೌಕತ ಅಲಿ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡ. "ತರ್ಲಾಕ ಎಲ್ಲಿಗಿ ಹೋಗ್ತೀರಿ ಮಹೇಶ ಭಾಯ್? ನಿಮ್ಮ ಅಡಗಿ ಮನ್ಯಾಗೇ ಇಡೀ ಖಾಂದಾನ ಅದಲ್ಲ!"

ನಿಜ. ಮನೆಯ ಮಾಳಿಗೆಗೆ ಪರಸಿ ಕಲ್ಲು ಹಾಸಿತ್ತು. ಕಲ್ಲು ಕಲ್ಲಿನ ಸಂದಿಯಲ್ಲಿ ಒಂದೊಂದು ಸಂಸಾರ. ಭಾಗ್ಯಜ್ಯೋತಿ ಸ್ಟೂಲಿನ ಮೇಲೆ ನಿಂತು ಹೆಣ್ಣು ನೋಡಲು ಬಂದ ಬೀಗರಂತೆ ಒಂದೊಂದನ್ನೇ ಪರೀಕ್ಷಿಸಿದಳು. ಒಂದು ಭಾಳ ದಪ್ಪ. ಒಂದರದು ಸಿಟ್ಟಿನ ಮುಖ. ಇನ್ನೊಂದು ನೋಡುವಾಗಲೇ ಬೆನ್ನು ತಿರುಗಿಸಿತು, ಮರ್ಯಾದೆ ಇಲ್ಲ. ಕೊನೆಗೆ ಟ್ಯೂಬ್‌ಲೈಟಿನ ಬದಿಯ ಒಂದು ಸಣ್ಣ ಹಲ್ಲಿ ಒಪ್ಪಿಗೆಯಾಯಿತು. ಅದರ ಬಾಲ ಒಮ್ಮೆ ಕಡಿದು ಮತ್ತೆ ಮೊಂಡಾಗಿ ಬೆಳೆದಿತ್ತು.

"ಇದೇ ಬೇಕು ಪಪ್ಪಾ. ಇದು ನನ್ನೇ ನೋಡ್ಲಾಕತ್ತದ."

ಆರಿಸುವುದಕ್ಕೆ ಮಗಳಿಗೆ ಅರ್ಧ ತಾಸು ಹಿಡಿಯಿತು. ಹಿಡಿಯುವುದಕ್ಕೆ ಅಪ್ಪನಿಗೆ ಸಂಜೆತನಕ. ಹಿಟ್ಟಿನ ಜರಡಿಯಿಂದ ಮುಚ್ಚಿ, ಕೆಳಗೆ ಹಾಳೆ ತೂರಿಸಿ ಇಳಿಸುವಷ್ಟರಲ್ಲಿ ಅವನ ತಲೆಯ ಮೇಲೆ ಅರ್ಧ ಗೋಡೆಯ ಸುಣ್ಣವಿತ್ತು. ಬೇಕರಿಯ ಖಾರಿ ಬಿಸ್ಕೀಟಿನ ದೊಡ್ಡ ಪಾರದರ್ಶಕ ಡಬ್ಬಿಗೆ ಕಾಸಿದ ದಬ್ಬಣದಿಂದ ತೂತು ಹೊಡೆದರು. ಒಳಗೆ ಅಡಗಿಕೊಳ್ಳಲು ಒಂದು ಪರಸಿಯ ತುಂಡು, ಹತ್ತಲು ಬೇವಿನ ಕಡ್ಡಿ, ಬಾಟ್ಲಿ ಮುಚ್ಚಳದಲ್ಲಿ ನೀರು. ಮೊಬೈಲಿನಲ್ಲಿ ಹೇಳಿದಂತೆ ಮಗಳು ನಿಯಮ ಬರೆದು ಗೋಡೆಗೆ ಅಂಟಿಸಿದಳು: ಕೈಯಿಂದ ಹಿಚುಕಬಾರದು. ಬಾಲ ಮುಟ್ಟಬಾರದು. ದಿನಾ ನೀರು ಚಿಮುಕಿಸಬೇಕು. ಜೀವಂತ ಹುಳ ಮಾತ್ರ ಕೊಡಬೇಕು.

ಕೊನೆಯ ನಿಯಮ ಅಪ್ಪನ ಪಾಲಿಗೆ ಬಂತು. ಸೋಮವಾರದಿಂದ ಬೀದಿದೀಪದ ಕೆಳಗೆ ಕರವಸ್ತ್ರ ಬೀಸುತ್ತ ಜಿಗಿಯುವ ಮಹೇಶಕುಮಾರನನ್ನು ಓಣಿಯ ಜನ ನಿಂತು ನೋಡತೊಡಗಿದರು.

ಹಲ್ಲಿಗೆ ಶಾಂತಾ ಅಂತ ಹೆಸರಾಯಿತು. ನಾಲ್ಕು ದಿನ ಅದು ತುಟಿ ಪಿಟಕ್ ಅನ್ನಲಿಲ್ಲ. ಲಲಿತಾಬಾಯಿಯೂ ಬಂದು ನೋಡಿ, "ಹಲ್ಲಿ ಏನ್ ಸಾಕೂದವ್ವಾ, ಅವು ಮೊದ್ಲಿಂದ ಬಾಡಗಿ ಇಲ್ದೇ ಅವ," ಅಂದು ಪರವಾನಗಿ ಕೊಟ್ಟಿದ್ದರು.

ಶಾಂತಾ ಬಾಯಿ ತೆರೆದದ್ದು ಗುರುವಾರ ಮುಂಜಾನೆ.

ಮಹೇಶಕುಮಾರ ಆಗಷ್ಟೇ ಚಹಾಕ್ಕೆ ಬ್ರೆಡ್ಡು ಅದ್ದಿದ್ದ. ಲಲಿತಾಬಾಯಿ ಸೆರಗು ಸರಿಪಡಿಸುತ್ತ ಒಳಗೆ ಬಂದರು. ಅವರ ಹಿಂದೆ ಎದುರು ಮನೆಯ ಗುರುಲಿಂಗಯ್ಯನವರೂ ಬಂದರು. ನಿವೃತ್ತ ಮಾಸ್ತರರು, ಕಂಕುಳಲ್ಲಿ ಸದಾ ಪಂಚಾಂಗ. ಓಣಿಯಲ್ಲಿ ಇಬ್ಬರು ಮಾತಾಡುತ್ತಿದ್ದರೆ ಮೂರನೆಯವರು ಅವರೇ.

"ತಮ್ಮಾ ಮಹೇಶಾ, ಮನಸಿಗಿ ಹಚ್ಕೋಬ್ಯಾಡ," ಲಲಿತಾಬಾಯಿ ಶುರುಮಾಡಿದರು. "ನಮ್ಮಣ್ಣನ ಮಗನಿಗಿ ಸಿಮೆಂಟ್ ಫ್ಯಾಕ್ಟರ‍್ಯಾಗ ನೌಕರಿ ಆಗ್ಯದ. ಆದಿತ್ಯನಗರದಾಗ ಕ್ವಾರ್ಟರ್ಸ್ ಖಾಲಿ ಇಲ್ಲಂತ. ಅದಕ್ಕ ಈ ತಿಂಗಳ ಮುಗಿಯೂದ್ರಾಗ ನೀವು ಈ ಮನಿ ಬಿಡಬೇಕಾಗ್ತದ."

"ಲೊಚ್ ಲೊಚ್ ಲೊಚ್!"

ಡಬ್ಬಿಯಿಂದ. ಸ್ಪಷ್ಟವಾಗಿ, ಮೂರು ಸಲ.

ಲಲಿತಾಬಾಯಿ ಕೂಡಲೇ ಬಗ್ಗಿ ಬೆರಳಿನಿಂದ ನೆಲಕ್ಕೆ ಮೂರು ಸಲ ಬಡಿದರು. "ಶಿವ ಶಿವ! ಹಲ್ಲಿ ನುಡೀತು. ಖರೆ ಆಯ್ತು."

ಬ್ರೆಡ್ಡು ಚಹಾದೊಳಗೆ ಮುರಿದು ಬಿತ್ತು. ನಾಲ್ಕು ವರ್ಷದಲ್ಲಿ ಇದು ಮೂರನೆಯ ಮನೆ. ಮಗಳ ಶಾಲೆ ಓಣಿಯ ತುದಿಯಲ್ಲಿ. ವಾರ್ಷಿಕ ಪರೀಕ್ಷೆಗೆ ಎರಡೇ ತಿಂಗಳು. ಸೇಡಂನಲ್ಲಿ ಈಗ ಖಾಲಿ ಮನೆ ಸಿಗುವುದೆಂದರೆ ಸೋಮವಾರ ಮುಂಜಾನೆಯ ಕಲಬುರಗಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಂತೆ.

"ಅವ್ವಾರ, ಪರೀಕ್ಷಾ ಮುಗಿಯೂತನ ಆದ್ರೂ ಇರ್ಲಾಕ ಬಿಡ್ರಿ..."

"ನನ್ನ ಕೈಯಾಗ ಏನದ ತಮ್ಮಾ? ನಿಮ್ಮ ಹಲ್ಲಿನೇ ಒಪ್ಪಿ ಬಿಟ್ಟದ."

ಗುರುಲಿಂಗಯ್ಯ ಗಂಟಲು ಸರಿಮಾಡಿಕೊಂಡರು. ವ್ಯಾಜ್ಯ ಇಷ್ಟು ಬೇಗ ಮುಗಿದರೆ ಅವರಿಗೆ ದಿನ ಹೋಗುವುದು ಹೇಗೆ? "ತಡೀರಿ ಬಾಯಾರ. ಮುಂಜಾನಿ ನುಡಿ ಒಂದೇ ಸಾಲಂಗಿಲ್ಲ. ಸಂಜಿ ದೀಪ ಹಚ್ಚೂ ಹೊತ್ತಿಗಿ ಮತ್ತೊಮ್ಮೆ ಕೇಳ್ಬೇಕು. ಬಿಡ್ಬೇಕು ಅಂತ ನೀವು ಅನ್ರಿ, ಇರ್ತೀವಿ ಅಂತ ಅವ್ರು ಅನ್ಲಿ. ಯಾರ ಮಾತಿಗಿ ಹಲ್ಲಿ ನುಡೀತದೋ ಅದೇ ಪಕ್ಕಾ."

"ಹಂಗೇ ಆಗ್ಲಿ," ಅಂದರು ಲಲಿತಾಬಾಯಿ. ಅವರು ಎಲ್ಲರ ಮಾತು ಮೀರಿದವರು, ಹಲ್ಲಿಯ ಮಾತು ಮೀರಿದವರಲ್ಲ.

ಅವರು ಹೋದ ಮೇಲೆ ಹೆಂಡತಿ ಭುವನೇಶ್ವರಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ನಾಕು ದಿನ ಅದಕ್ಕ ಹುಳ ಹಿಡದು ತಿನಿಸಿದ್ರಿ. ಉಂಡ ಮನಿಗೇ ನುಡೀತದಂದ್ರ? ಇವತ್ತೇ ಅದನ್ನ ಒಗದು ಬರ್ರಿ, ಇಲ್ಲಂದ್ರ ನಾ ಒಗೀತೀನಿ!"

"ಸಂಜೀತನ ಅದು ಬೇಕಲ್ಲ ಭುವನಾ! ನಮ್ಮ ಕೇಸಿಗಿ ಅದೇ ಸಾಕ್ಷಿ."

ಬಾಗಿಲ ಸಂದಿಯಲ್ಲಿ ನಿಂತ ಭಾಗ್ಯಜ್ಯೋತಿಗೆ ಕೇಳಿಸಿದ್ದು 'ಒಗೀತೀನಿ' ಮಾತ್ರ.

ಬಸ್ಸಿಗೆ ಹೊರಟ ಮಹೇಶಕುಮಾರನನ್ನು ಶೌಕತ ಅಲಿ ತಡೆದ. ಸುದ್ದಿ ಆಗಲೇ ಅವನ ಮಷೀನಿನ ಕೆಳಗೆ ಹಾದುಹೋಗಿತ್ತು.

"ಫಿಕರ್ ಮಾಡಬ್ಯಾಡ್ರಿ ಭಾಯ್. ನಮ್ಮ ಮಾಮು ತೀತರ್ ಹಕ್ಕಿ ಸಾಕಿದ್ರು. ತೀತರ್ ಒದರಬೇಕಂದ್ರ ಮಾಮು ತಾವೇ ತೀತರ್ ಹಂಗ ಒದರ್ತಿದ್ರು. ಪಟ್ನ ಜವಾಬ್ ಬರ್ತಿತ್ತು. ಹಲ್ಲೀಗೂ ಹಂಗೇ. ನೀವು ಸಣ್ಣಗ ಲೊಚ್ ಅನ್ರಿ, ಅದೂ ಅಂತದ."

"ನನಗ ಬರಂಗಿಲ್ಲಲ್ಲ ಶೌಕತ ಭಾಯ್."

"ಸಂಜೀತನ ಟೈಮ್ ಅದ. ಕಲೀರಿ."

ಮಹೇಶಕುಮಾರ ಬಸ್ಸಿನಲ್ಲೇ ಕಲಿಯತೊಡಗಿದ. ನಾಲಿಗೆಯ ತುದಿ ಅಂಗುಳಕ್ಕೆ ಹಚ್ಚಿ ಎಳೆದರೆ ಎತ್ತು ಹೊಡೆದಂತೆ ಆಗುತ್ತಿತ್ತು. ಹಲ್ಲಿನ ಹಿಂದೆ ಹಚ್ಚಿದರೆ ಮಗುವಿಗೆ ಮುತ್ತು ಕೊಟ್ಟಂತೆ. ಊರು ದಾಟುವಷ್ಟರಲ್ಲಿ ಸರಿಯಾದ ಜಾಗ ಸಿಕ್ಕಿತು. "ಲೊಚ್." ಅವನಿಗೇ ಖುಷಿಯಾಯಿತು. "ಲೊಚ್ ಲೊಚ್ ಲೊಚ್!"

ಮುಂದಿನ ಸೀಟಿನ ಇಮಾಮ್ಬೀ ಗರಕ್ಕನೆ ತಿರುಗಿದಳು. ಶಾಲೆಯ ಎದುರು ತತ್ತಿ ಮಾರುವವಳು; ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಎರಡು ಹ್ಯಾಟೆ ಕೋಳಿ.

"ಕ್ಯಾ ರೇ ಕ್ಲರ್ಕ್ ಸಾಬ್! ನನ್ನ ಕೋಳಿ ಯಾಕ ಕರೀಲಾಕತ್ತಿ?"

"ಕೋಳಿ ಅಲ್ಲ ಖಾಲಾ..."

"ಕೋಳಿ ಅಲ್ಲಂದ್ರ ಮತ್ತ ಯಾರಿಗಿ ಕರೀಲಾಕತ್ತಿ? ಈ ಸೀಟಿನ್ಯಾಗ ಇರಾಕಿ ನಾನು, ನನ್ನ ಕೋಳಿ!"

ಇಡೀ ಬಸ್ಸು ತಿರುಗಿ ನೋಡಿತು. ಕುರಕುಂಟಾ ಬರುವವರೆಗೆ ಮಹೇಶಕುಮಾರ ಬಾಗಿಲ ಬಳಿ ಕಂಬ ಅಪ್ಪಿಕೊಂಡು ನಿಂತ.

ಶಾಲೆಯಲ್ಲಿ ಅಂದು ಮೀಟಿಂಗು. ಹತ್ತನೆಯ ಇಯತ್ತೆಯ ಪೂರ್ವಪರೀಕ್ಷೆಯ ಅಂಕ ನೋಡಿ ಹೆಡ್‌ಮಾಸ್ತರರ ಮುಖ ಒಣಮೆಣಸಿನಕಾಯಿಯಾಗಿತ್ತು. ನಡಾವಳಿ ಬರೆಯಲು ಮೂಲೆಯಲ್ಲಿ ಕುಳಿತ ಮಹೇಶಕುಮಾರನ ಕೈ ಬರೆಯುತ್ತಿತ್ತು, ನಾಲಿಗೆ ಒಳಗೊಳಗೇ ತಾಲೀಮು ಮಾಡುತ್ತಿತ್ತು.

"ಹಿಂಗೇ ಕಲಿಸಿದ್ರ ಬರಕೊಡ್ತೀನಿ ಕೇಳ್ರಿ," ಹೆಡ್‌ಮಾಸ್ತರರು ಮೇಜು ಗುದ್ದಿದರು. "ಈ ವರ್ಷ ಒಬ್ಬರೂ ಪಾಸಾಗಂಗಿಲ್ಲ!"

"ಲೊಚ್ ಲೊಚ್ ಲೊಚ್!"

ಹನ್ನೊಂದು ಮಾಸ್ತರರ ಹನ್ನೊಂದು ಬೆರಳು ಒಟ್ಟಿಗೆ ಬೆಂಚು ಬಡಿದವು. "ಖರೆ, ಖರೆ," ಅಂತ ಡ್ರಿಲ್ ಮಾಸ್ತರರು ಬಾಯಿ ತಪ್ಪಿ ಅಂದೂಬಿಟ್ಟರು.

"ಯಾರದು? ಎಲ್ಲದ ಆ ಹಲ್ಲಿ?" ಹೆಡ್‌ಮಾಸ್ತರರು ಕುರ್ಚಿಯಿಂದ ಎದ್ದರು.

ಗಣಿತದ ಕರುಣಾ ಟೀಚರು ಪೆನ್ನಿನಿಂದ ಮೂಲೆಯ ಕಡೆ ತೋರಿಸಿದರು. "ಮಹೇಶ ಸರ್ ಬಾಯಾಗ ಅದ ಕಾಣಿಸ್ತದ್ರಿ ಸರ್. ಹಲ್ಲಿ."

"ಹಲ್ಲಿ ಅಲ್ರಿ ಸರ್, ಹಲ್ಲು!" ಮಹೇಶಕುಮಾರ ಗಲ್ಲ ಹಿಡಿದುಕೊಂಡು ಎದ್ದು ನಿಂತ. ಜೀವಮಾನದಲ್ಲಿ ಅವನಿಗೆ ಸಮಯಕ್ಕೆ ಸಿಕ್ಕ ಒಂದೇ ಒಂದು ಕೊಂಬು ಅದು. "ಹಲ್ಲು ನೋವು. ಭಾಳ ಸೆಳೀಲಾಕತ್ತದ. ತಡೀಲಾರ್ದ ಲೊಚ್ ಅಂದೆ."

ಹೆಡ್‌ಮಾಸ್ತರರಿಗೂ ಹೋದ ತಿಂಗಳು ದವಡೆ ಹಲ್ಲು ಕೀಳಿಸಿದ ನೆನಪು ಹಸಿಯಾಗಿತ್ತು. ಕರಗಿಹೋದರು. ಅಡುಗೆಯ ಲಾಲಮ್ಮನನ್ನು ಕರೆಸಿದರು. ಲಾಲಮ್ಮ ಒಂದು ಮುಷ್ಟಿ ಲವಂಗ ಜಜ್ಜಿ ಅವನ ಬಾಯಿಗೆ ತುಂಬಿದಳು. "ನುಂಗಬ್ಯಾಡ್ರಿ ಸರ್, ಉಗುಳಬ್ಯಾಡ್ರಿ, ಮಾತಾಡಬ್ಯಾಡ್ರಿ." ತಲೆಯಿಂದ ಗದ್ದಕ್ಕೆ ಒಂದು ಬಿಳಿ ಟವೆಲ್ಲು ಸುತ್ತಿ, ಬಾಯಿ ಮುಚ್ಚುವಂತೆ ಬಿಗಿಯಾಗಿ ಗಂಟು ಹಾಕಿದಳು. ಅರ್ಧ ದಿನದ ರಜೆ, ಮೇಲೆ ಒಂದು ಪುಡಿಕೆ ಲವಂಗ ಸಿಕ್ಕವು. ಇಷ್ಟು ಪ್ರೀತಿಯಿಂದ ಅವನನ್ನು ಯಾರೂ ಕಂಡಿರಲಿಲ್ಲ.

ಮನೆ ಮುಟ್ಟಿದಾಗ ಭುವನೇಶ್ವರಿ ಗಾಬರಿಯಾದಳು. "ಅಯ್ಯ, ಯಾರ ಹೊಡದ್ರು?"

"ಯಾರೂ ಹೊಡದಿಲ್ಲ. ಹಲ್ಲು," ಎನ್ನಲು ಹೋದ. ನಾಲಿಗೆ ಸತ್ತ ಮೀನಿನಂತೆ ಬಿದ್ದಿತ್ತು. "ಹಳ್ಹು" ಅಂತ ಬಂತು.

ಹೆಂಡತಿ ಕಾಳಜಿಯಿಂದ ಪುಡಿಕೆ ಬಿಚ್ಚಿ ಇನ್ನೂ ನಾಲ್ಕು ಲವಂಗ ತುರುಕಿದಳು.

ಅವನು ನೇರ ಡಬ್ಬಿಯ ಹತ್ತಿರ ಹೋದ. ಶಾಂತಾಳಿಗೆ ಪಾಠ ಶುರುಮಾಡಬೇಕಿತ್ತು. ಕಡ್ಡಿ ಇತ್ತು. ನೀರಿನ ಮುಚ್ಚಳ ಇತ್ತು. ಪರಸಿಯ ತುಂಡು ಎತ್ತಿ ನೋಡಿದ. ಕಾಲು ಮೇಲಾದ ಒಂದು ಜಿರಳೆ ಇತ್ತು.

ಶಾಂತಾ ಇರಲಿಲ್ಲ.

"ಭುವನಾ! ಒಗದಿ ಏನು?" ಲವಂಗದ ನಡುವಿನಿಂದಲೇ ಒದರಿದ.

"ನಾನು ಅದರ ಮಾರಿ ಸುದ್ದಾ ನೋಡಿಲ್ಲ! ಮುಚ್ಚಳ ನೀವೇ ಬಿಟ್ಟು ಹೋಗಿರಬೇಕು."

ಕಪಾಟು, ದೇವರ ಜಗಲಿ, ಅಕ್ಕಿ ಡಬ್ಬಿ, ಮಗಳ ಹಳೇ ಬೂಟು, ಎಲ್ಲ ಹುಡುಕಿದ್ದಾಯಿತು. ಮೇಲೆ ನೋಡಿದರೆ ದಿನಾ ಸಾಲುಗಟ್ಟಿ ಕೂರುತ್ತಿದ್ದ ಖಾಂದಾನ ಪೂರ್ತಿ ಯಾವುದೋ ಮದುವೆಗೆ ಹೋದಂತೆ ಮಾಯ. ಗಂಟೆ ಐದೂವರೆ. ಗಡಿಯಾರದ ಹಿಂದೆ ಕೊನೆಗೊಂದು ಕಂಡಿತು. ಮಹೇಶಕುಮಾರ ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು, ಹಾರಿ ಹಿಡಿದ. ಹಲ್ಲಿ ಹೋಯಿತು. ಕೈಯಲ್ಲಿ ಬಾಲ ಉಳಿಯಿತು. ಬಾಲ ಮಾತ್ರ ಇನ್ನೂ ಜಿಗಿಜಿಗಿ ಕುಣಿಯುತ್ತಿತ್ತು.

"ತಮ್ಮಾ, ದೀಪ ಹಚ್ಚೂ ಹೊತ್ತಾಯ್ತು," ಲಲಿತಾಬಾಯಿಯ ದನಿ ಹೊಸ್ತಿಲಲ್ಲೇ ಕೇಳಿಸಿತು.

ಬಾಲ ಅಂಗಿಯ ಕಿಸೆಗೆ ಬಿತ್ತು. ಡಬ್ಬಿಯ ಮೇಲೆ ಬೆಡ್‌ಶೀಟು ಬಿತ್ತು. ಮಹೇಶಕುಮಾರ ಡಬ್ಬಿಗೆ ಆತುಕೊಂಡು ಕುಳಿತುಬಿಟ್ಟ.

ಲಲಿತಾಬಾಯಿ ಬಂದರು, ಪಂಚಾಂಗದ ಸಮೇತ ಗುರುಲಿಂಗಯ್ಯ ಬಂದರು, ತನ್ನ ಸಲಹೆಯ ಫಲ ನೋಡಲು ಶೌಕತ ಅಲಿ ಬಾಗಿಲಿಗೆ ಒರಗಿದ.

"ಬಟ್ಟಿ ಯಾಕ ಮುಚ್ಚೀರಿ?" ಗುರುಲಿಂಗಯ್ಯ ಕೇಳಿದರು.

"ಅದಕ್ಕ ಮಂದಿ ಕಂಡ್ರ ನಾಚಿಕಿ," ಅಂದ ಮಹೇಶಕುಮಾರ, ಟವೆಲ್ಲಿನೊಳಗಿಂದ, ಸತ್ತ ನಾಲಿಗೆಯಿಂದ. ಭುವನೇಶ್ವರಿ ಬಿಡಿಸಿ ಹೇಳಬೇಕಾಯಿತು.

"ಹಲ್ಲು ನೋವಿಗಿ ಎದಿ ಯಾಕ ಇಷ್ಟು ಬಡ್ಕೊಳ್ಳಾಕತ್ತದ ತಮ್ಮಾ?" ಲಲಿತಾಬಾಯಿ ಕುಣಿಯುವ ಕಿಸೆಯನ್ನೇ ನೋಡಿದರು. ಅವನು ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ.

ದೀಪ ಹಚ್ಚಿದ್ದಾಯಿತು. ಗುರುಲಿಂಗಯ್ಯ ಅಪ್ಪಣೆ ಕೊಟ್ಟರು. ಮೊದಲು ಲಲಿತಾಬಾಯಿ ಕೈ ಮುಗಿದು, "ಈ ತಿಂಗಳ ಮುಗಿಯೂದ್ರಾಗ ಈ ಮನಿ ಖಾಲಿ ಆಗ್ತದ," ಅಂದರು.

ಎಲ್ಲರೂ ಕಿವಿಯಾದರು. ಗಡಿಯಾರದ ಹಿಂದಿನ ಬಾಲವಿಲ್ಲದ ಹಲ್ಲಿ ಸೇಡು ತೀರಿಸಿಕೊಳ್ಳುವುದೇನೋ ಅಂತ ಮಹೇಶಕುಮಾರನ ಬೆನ್ನಲ್ಲಿ ಬೆವರಿಳಿಯಿತು. ಸದ್ಯ, ಅದಕ್ಕೂ ನಾಚಿಕೆ.

"ಈಗ ನೀವು ಅನ್ರಿ."

"ಮಗಳ ಪರೀಕ್ಷಾ ಮುಗಿಯೂತನ," ಭುವನೇಶ್ವರಿ ಗಂಡನ ಪರವಾಗಿ ಅಂದಳು, "ನಾವು ಇದೇ ಮನ್ಯಾಗ ಇರ್ತೀವಿ."

ಮಹೇಶಕುಮಾರ ದಿನವಿಡೀ ಕಲಿತ ವಿದ್ಯೆಯನ್ನೆಲ್ಲ ನಾಲಿಗೆಗೆ ತಂದ. ಆದರೆ ನಾಲಿಗೆ ಎಲ್ಲಿತ್ತು? ಲವಂಗದ ಮುದ್ದೆಯ ನಡುವೆ ಅದು ದಪ್ಪಗೆ ಹೊರಳಿ ಅಂಗುಳಕ್ಕೆ ಬಡಿಯಿತು.

"ಲ್ಹೊಕ್... ಲ್ಹೊಕ್!"

ಬಾವಿಗೆ ಕೊಡ ಬಿದ್ದಂಥ ಸದ್ದು. ಶೌಕತ ಅಲಿಯ ಕೊರಳಿನ ಟೇಪು ಜಾರಿ ಕೆಳಗೆ ಬಿತ್ತು. ಭುವನೇಶ್ವರಿ ಬೆಡ್‌ಶೀಟಿನ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಗುರುಲಿಂಗಯ್ಯ ಪಂಚಾಂಗದ ಪುಟ ತಿರುವಿದರು, ಇಂಥ ಸದ್ದಿಗೆ ಅದರಲ್ಲಿ ಫಲ ಬರೆದಿರಲಿಲ್ಲ.

ಲಲಿತಾಬಾಯಿ ಮಾತ್ರ ಅಲ್ಲಾಡಲಿಲ್ಲ. ಅವರ ಮುಖದ ಬಣ್ಣವೇ ಬದಲಾಗಿತ್ತು. ನಿಧಾನಕ್ಕೆ ನೆಲ ಬಡಿದರು. "ಇರ್ರಿ ತಮ್ಮಾ. ಪರೀಕ್ಷಾ ಆಗೂತನ ಇರ್ರಿ."

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಲಲಿತಾಬಾಯಿ ಬೆಡ್‌ಶೀಟಿನ ಕಡೆ ಬಾಗಿ ಮೆಲ್ಲಗೆ, "ಅಣ್ಣನ ಮಗನ ಲಗ್ನ ಈ ವರ್ಷ ಆಗ್ತದೇನು?" ಅಂದರು. ಸಂತೋಷದಲ್ಲಿ ತೇಲುತ್ತಿದ್ದ ಮಹೇಶಕುಮಾರ ಉದಾರಿಯಾದ. ಲ್ಹೊಕ್. "ಸೊಸಿದೇ ತಪ್ಪು, ನಂದಲ್ಲ, ಹೌದಲ್ಲ?" ಲ್ಹೊಕ್. "ಆ ತೆಂಗಳಿ ಊರಿನ ಹೊಲ ಮಾರಬಾರ್ದಂತ ನಾ ಅಂದದ್ದು ಖರೆ ಅಲ್ಲ?" ಲ್ಹೊಕ್ ಲ್ಹೊಕ್. ಕೇಳಿದ್ದಕ್ಕೆಲ್ಲ ಒಪ್ಪಿಗೆ. ಅವನ ಹಳೇ ಜಡ್ಡಿಗೆ ಇಂಥ ರಾಜಯೋಗ ಹಿಂದೆಂದೂ ಬಂದಿರಲಿಲ್ಲ.

ಲಲಿತಾಬಾಯಿ ಕಣ್ಣೊರೆಸಿಕೊಂಡು ತಮ್ಮ ಮನೆಯಿಂದಲೇ ಎಲ್ಲರಿಗೂ ಚಹಾ ತರಿಸಿದರು. ಮಹೇಶಕುಮಾರ ಲವಂಗದ ಮುದ್ದೆ ಉಗುಳಿ ಬಂದು, ಟವೆಲ್ಲು ಗದ್ದಕ್ಕಿಳಿಸಿ, ಸುಡುಸುಡು ಚಹಾ ಎರಡು ಬಟ್ಟಲು ಕುಡಿದ. ಜನ್ಮ ಸಾರ್ಥಕ ಅನ್ನಿಸಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಬ್ಯಾಗು ಬೆನ್ನಿಗೇರಿಸಿಕೊಂಡ ಭಾಗ್ಯಜ್ಯೋತಿ ಕಾಣಿಸಿಕೊಂಡಳು. ಲುಂಬಿನಿ ಟೀಚರ ಮನೆಯ ಟ್ಯೂಷನ್ ಮುಗಿಸಿ ಬಂದಿದ್ದಳು. ಎರಡೂ ಕೈಯಲ್ಲಿ ಊಟದ ಡಬ್ಬಿಯನ್ನು ಹರಿವಾಣದ ಆರತಿಯಂತೆ ಹಿಡಿದಿದ್ದಳು.

"ಮಮ್ಮಿ, ಬೈಬ್ಯಾಡ. ನೀ ಒಗೀತೀನಂದಿ, ಅದಕ್ಕ ಶಾಂತಾನ್ನ ಸಾಲಿಗಿ ಒಯ್ದಿದ್ದೆ. ಲುಂಬಿನಿ ಟೀಚರು ಎರಡು ನೊಣ ಕೊಟ್ರು. ಮುಂಜಾನಿಂದ ನನ್ನ ಜೋಡೀನೇ ಅದ."

ಮುಚ್ಚಳ ತೆಗೆದಳು. ಮೊಂಡು ಬಾಲದ ಶಾಂತಾ ಎಲ್ಲರನ್ನೂ ಒಂದು ಸುತ್ತು ನೋಡಿತು.

ಗುರುಲಿಂಗಯ್ಯ ಎದ್ದು ಹೋಗಿ ಬೆಡ್‌ಶೀಟು ಎಳೆದರು. ಕಡ್ಡಿ, ಕಲ್ಲು, ಮುಚ್ಚಳ, ಸತ್ತ ಜಿರಳೆ.

ಮಹೇಶಕುಮಾರ ಬಟ್ಟಲು ಕೆಳಗಿಟ್ಟ. ಬೈಗುಳಕ್ಕೆ ತಲೆ ತಗ್ಗಿಸಿ ಕುಳಿತ.

"ನನಗ ಮೊದ್ಲೇ ತಿಳದಿತ್ತು," ಅಂದರು ಲಲಿತಾಬಾಯಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಹಲ್ಲಿ ದನಿ ಅಲ್ಲ. ತೀರ್ಕೊಂಡ ನಮ್ಮ ಮನಿಯವ್ರ ದನಿ."

"ಯಾರದು?" ಗುರುಲಿಂಗಯ್ಯನವರ ಪಂಚಾಂಗ ಜಾರಿತು.

"ತಂಬಾಕು ಹಾಕ್ಕೊಂಡು ಇದೇ ಮೂಲ್ಯಾಗ ಕುಂದರ್ತಿದ್ರು. ಲ್ಹೊಕ್ ಲ್ಹೊಕ್ ಅಂತಿದ್ರು. ಮೂವತ್ತೆರಡು ವರ್ಷ ಸಂಸಾರ ಮಾಡೀನಿ, ನನ್ನ ಒಂದು ಮಾತಿಗೂ ಒಪ್ಪಿದವ್ರಲ್ಲ. ಇವತ್ತ..." ಸೆರಗು ಕಣ್ಣಿಗೆ ಹೋಯಿತು. "ಇವತ್ತ ಕೇಳಿದ್ದಕ್ಕೆಲ್ಲಾ ಒಪ್ಪ್ಯಾರ. ಇನ್ನ ನಾ ಎಲ್ಲಿ ಇರ್ಲಿ? ಅಣ್ಣನ ಮಗ ಬೇಕಾದ್ರ ನನ್ನ ಮನ್ಯಾಗ ಇರ್ಲಿ. ನಾ ಇಲ್ಲೇ ಇರಾಕಿ. ತಮ್ಮಾ ಮಹೇಶಾ, ತಿಂಗಳಾ ಗಿಂಗಳಾ ಬ್ಯಾಡ, ನಾಳಿಗೇ ಮನಿ ಬಿಡ್ರಿ."

"ಅವ್ವಾರ!" ಮಹೇಶಕುಮಾರ ಎದ್ದು ನಿಂತ. ಜೀವನದಲ್ಲಿ ಮೊದಲ ಸಲ ಒಪ್ಪದೆ ಎದ್ದು ನಿಂತ. "ಯಜಮಾನ್ರು ಅಲ್ರಿ! ನಾ ಮಾಡಿದ್ದು! ನಾನೇ ಬಾಯಿಲೆ ಮಾಡಿದ್ದು!"

"ಮಾಡಿ ತೋರ್ಸ್ರಿ," ಅಂದರು ಗುರುಲಿಂಗಯ್ಯ.

ಮಹೇಶಕುಮಾರ ನಾಲಿಗೆ ಎತ್ತಿ ಬಡಿದ. ಆದರೆ ಬಿಸಿ ಚಹಾಕ್ಕೆ ನಾಲಿಗೆಗೆ ಜೀವ ಬಂದಿತ್ತು. ಲವಂಗದ ಜಡತ್ವ ಇಳಿದುಹೋಗಿತ್ತು.

"ಲೊಚ್ ಲೊಚ್ ಲೊಚ್!" ಅಚ್ಚುಕಟ್ಟಾದ, ಎಳೆಯ, ಸುಂದರ ಹಲ್ಲಿ.

ಲಲಿತಾಬಾಯಿ ಮರುಕದಿಂದ ತಲೆಯಾಡಿಸಿದರು. "ಮನಿ ಸಲುವಾಗಿ ಏನೇನ್ ಸುಳ್ಳು ಹೇಳ್ತೀಯೋ ತಮ್ಮಾ."

"ಸುಳ್ಳಲ್ರಿ! ದೇವರಾಣಿ ಖರೆ! ಶೌಕತ ಭಾಯ್, ನೀವಾದ್ರೂ ಹೇಳ್ರಿ, ನೀವೇ ಕಲ್ಸಿದ್ದು!"

"ನಾ ಹಲ್ಲಿ ಕಲ್ಸಿದ್ದು ಭಾಯ್," ಶೌಕತ ಅಲಿ ಗೋಡೆಗೆ ಸಲಾಮು ಮಾಡುತ್ತ ಹಿಂದೆ ಹಿಂದೆ ಸರಿದ. "ಆ ಇನ್ನೊಂದು ದನಿ ನನಗ ಗೊತ್ತಿಲ್ಲ."

ಗುರುಲಿಂಗಯ್ಯ ಬೆರಳೆತ್ತಿದರು. "ವಾದ ಯಾಕ? ಹಲ್ಲಿ ಎದುರಿಗೇ ಅದ. ಮಹೇಶಪ್ಪನ ಮಾತು ಖರೆ ಇದ್ರ ನುಡೀತದ."

ಐದು ತಲೆಗಳು ಊಟದ ಡಬ್ಬಿಯ ಸುತ್ತ ಬಾಗಿದವು. ಮಹೇಶಕುಮಾರ ಮೊಣಕಾಲೂರಿ ಬೇಡಿಕೊಂಡ. "ನುಡಿಯವ್ವಾ. ಒಂದೇ ಒಂದು ಸಲ. ನಿನಗ ಎಷ್ಟು ಪತಂಗ ತಂದೀನಿ!"

ಶಾಂತಾ ಅವನನ್ನು ದಿಟ್ಟಿಸಿತು. ನಾಲಿಗೆ ಹೊರಚಾಚಿ ತನ್ನ ಕಣ್ಣನ್ನೇ ಒಮ್ಮೆ ನೆಕ್ಕಿಕೊಂಡಿತು. ಆಮೇಲೆ ಮಗಳು ಉಳಿಸಿದ್ದ ಚಪಾತಿಯ ತುಂಡಿನ ಹಿಂದೆ ಹೋಗಿ ಮಲಗಿತು.

"ಸುಳ್ಳು," ಅಂತ ಗುರುಲಿಂಗಯ್ಯ ಪಂಚಾಂಗ ಮುಚ್ಚಿದರು.

ಲಲಿತಾಬಾಯಿ ಮೂಲೆಯ ಕಡೆ ತಿರುಗಿ ಕೈ ಮುಗಿದರು. "ಏನ್ರೀ, ನಾಳಿಗೇ ಇವ್ರನ್ನ ಕಳಸ್ಲೇನು?"

ಎಲ್ಲರೂ ಕಾದರು. ಮೂಲೆ ಸುಮ್ಮನಿತ್ತು. ಮಹೇಶಕುಮಾರನ ಎದೆಯಲ್ಲಿ ಆಸೆ ಚಿಗುರಿತು.

"ಬೇಶ್," ಅಂದರು ಲಲಿತಾಬಾಯಿ. "ಅಡ್ಡ ಮಾತಾಡ್ಲಿಲ್ಲ ಅಂದ್ರ ಒಪ್ಪಿದಂಗೇ."

ಅವರು ಹೋದ ಮೇಲೆ ಭಾಗ್ಯಜ್ಯೋತಿ ಶಾಂತಾಳ ಡಬ್ಬಿಯಿಂದ ಜಿರಳೆ ತೆಗೆದು, ಹೊಸ ನೀರು ಹಾಕಿ, ಪ್ರಯಾಣಕ್ಕೆ ಸಜ್ಜು ಮಾಡಿದಳು. ಭುವನೇಶ್ವರಿ ನಾಗಂದಿಗೆಯಿಂದ ಒಂದೊಂದೇ ಪಾತ್ರೆ ಇಳಿಸತೊಡಗಿದಳು. ನಡುವೆ ಕೈ ತಡೆದು ಗಂಡನ ಹತ್ತಿರ ಬಂದು ಕುಳಿತಳು.

"ರೀ, ಖರೆ ಹೇಳ್ರಿ. ಆ ಲ್ಹೊಕ್ ನೀವೇ ಏನು?"

ಮಹೇಶಕುಮಾರ ಹೇಳಲು ಬಾಯಿ ತೆರೆದ. ಆಮೇಲೆ ಹಲ್ಲಿ ನುಡಿದೀತೇನೋ ಅಂತ ಡಬ್ಬಿಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡ.